ಅಲ್ಲಿ ಯಾರಾದ್ರೂ ಇದ್ದಾರೇನೋ?

ಮಂಗಳವಾರ ದೊಡ್ಡಮ್ಮನ ಪೆನ್ಷನ್ ವಿಷಯಕ್ಕೆ ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದೆ. ಕನ್ನಡಕ್ಕೆ ಎರಡು ಒತ್ತಿ, ಖಾತೆಗೆ ಒಂದು ಒತ್ತಿ, ಇನ್ಯಾವುದಕ್ಕೋ ಒಂಬತ್ತು ಒತ್ತಿ. 15 ನಿಮಿಷ ಅದೇ ದನಿ, ಅದೇ ಸಂಗೀತ. ಹುರುಳಿಕಾಯಿ ನಾರು ಬಿಡಿಸುತ್ತಿದ್ದ ದೊಡ್ಡಮ್ಮ ಕೊನೆಗೆ ಕೇಳಿದರು, "ಅಲ್ಲಿ ಮನುಷ್ಯರು ಯಾರಾದ್ರೂ ಇದ್ದಾರೇನೋ?"

ಕೇಳಿದ್ದು ಯಾರು ಅಂತ ಗೊತ್ತಾ? ಟ್ರಂಕ್ ಆಪರೇಟರ್, ಅಂದ್ರೆ ಒಂದೂರಿಂದ ಇನ್ನೊಂದೂರಿಗೆ ಫೋನ್ ಲೈನ್ ಜೋಡಿಸಿಕೊಡುವ ಕೆಲಸದಲ್ಲಿ ಇದ್ದವರು. ಕಿವಿಗೆ ಹೆಡ್‌ಸೆಟ್, ಎದುರಿಗೆ ಬೋರ್ಡು, ಕೈಯಲ್ಲಿ ವೈರು. "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಅನ್ನೋದನ್ನು ನಿದ್ದೆಯಲ್ಲೂ ಹೇಳುತ್ತಿದ್ದರಂತೆ.

"ನಾನು ಯಾರನ್ನೂ ಹೀಗೆ ಕಾಯಿಸಿಲ್ಲ" ಅಂದರು.

"ಸುಳ್ಳು" ಅಂದರು ದೊಡ್ಡಪ್ಪ. "ಬೆಳಗ್ಗೆ ಬುಕ್ ಮಾಡಿದೋರು ಸಂಜೆವರೆಗೂ ಕೂತಿರ್ತಿದ್ರು."

"ಕಾಯಿಸಿದ್ದು ಲೈನು, ನಾನಲ್ಲ."

ದೊಡ್ಡಪ್ಪ ಬೆಂಗಳೂರಿನ ದೂರವಾಣಿನಗರದ ಐಟಿಐ, ಅಂದ್ರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ ಇದ್ದವರು. 1948ರಲ್ಲಿ ಶುರುವಾದ ಕಾರ್ಖಾನೆ. ಅಲ್ಲಿ ಆಪರೇಟರ್ ಇಲ್ಲದೆ ತಾನೇ ಲೈನ್ ಜೋಡಿಸುವ ಸ್ಟ್ರೋಜರ್ ಎಕ್ಸ್‌ಚೇಂಜ್‌ನ ಸೆಲೆಕ್ಟರ್, ಅಂದ್ರೆ ಬೇಕಾದ ಫೋನನ್ನು ಹುಡುಕಿ ಹಿಡಿಯುವ ಭಾಗ, ಸರಿಹೊಂದಿಸುವುದು ಇವರ ಕೆಲಸ. ಹೆಂಡತಿ ವೈರು ಚುಚ್ಚುತ್ತಿದ್ದ ಕೆಲಸವನ್ನೇ ಗಂಡ ಮಾಡಿಕೊಟ್ಟ ಯಂತ್ರ ಮಾಡುತ್ತಿತ್ತು! ಅದು ಹೇಗೆ ಅಂತ ಕೇಳಿದರೆ ಈಗಲೂ ಕೈ ಎತ್ತಿ ತೋರಿಸುತ್ತಾರೆ. ನಾಲ್ಕು ತಿರುಗಿಸಿ ಬಿಟ್ಟರೆ, ಡಯಲ್ ವಾಪಸ್ ಬರುವಾಗ ಕರೆಂಟು ನಾಲ್ಕು ಸಲ ಕಡಿಯುತ್ತೆ. ಒಂದೊಂದು ಸಲಕ್ಕೂ ಆಯಸ್ಕಾಂತ ಕಂಬಿಯನ್ನು ಒಂದು ಮೆಟ್ಟಿಲು ಎಳೆಯುತ್ತೆ. ಟಕ್ ಟಕ್ ಟಕ್ ಟಕ್. ಆಮೇಲೆ ಏಳು ತಿರುಗಿಸಿದರೆ ಅದೇ ಕಂಬಿ ಪಕ್ಕಕ್ಕೆ ಏಳು ಹೆಜ್ಜೆ. ಹತ್ತು ಸಾಲು, ಸಾಲಿಗೆ ಹತ್ತು, ಒಟ್ಟು ನೂರು ಫೋನು. ನಾಲ್ಕನೇ ಮಹಡಿಗೆ ಹತ್ತಿ ಏಳನೇ ಮನೆ ಬಾಗಿಲು ತಟ್ಟಿದ ಹಾಗೆ. ಅವರ ಕೈ ಈಗ ನಡುಗುತ್ತೆ, ಆದರೂ ಲೆಕ್ಕ ತಪ್ಪಲ್ಲ.

ಇದನ್ನು ಕಂಡುಹಿಡಿದ ಆಲ್ಮನ್ ಸ್ಟ್ರೋಜರ್ ಅಮೆರಿಕದಲ್ಲಿ ಹೆಣ ಸಾಗಿಸುವ, ಅಂತ್ಯಸಂಸ್ಕಾರದ ಏರ್ಪಾಡು ಮಾಡುವ ವ್ಯಾಪಾರಿ. ಎದುರಾಳಿಯ ಹೆಂಡತಿ ಟೆಲಿಫೋನ್ ಆಪರೇಟರ್, ತನಗೆ ಬರುವ ಕಾಲ್‌ಗಳನ್ನೆಲ್ಲ ಗಂಡನಿಗೇ ಕೊಡ್ತಾಳೆ ಅಂತ ಅವನಿಗೆ ಅನುಮಾನವಿತ್ತಂತೆ. ವ್ಯಾಪಾರ ಬಿದ್ದಾಗ ಯಾರನ್ನಾದರೂ ಬೈಯೋದು ಎಲ್ಲ ಊರಲ್ಲೂ ಇದ್ದದ್ದೇ, ನಾನಂತೂ ಅವನ ಮಾತನ್ನು ಪೂರ್ತಿ ನಂಬಲ್ಲ. 1891ರಲ್ಲಿ ಪೇಟೆಂಟ್ ಸಿಕ್ಕಿತು. ಮರುವರ್ಷವೇ ಇಂಡಿಯಾನಾದ ಲಾ ಪೋರ್ಟ್‌ನಲ್ಲಿ ಆಪರೇಟರ್ ಇಲ್ಲದ ಎಕ್ಸ್‌ಚೇಂಜ್ ಶುರುವಾಯಿತು.

ದೊಡ್ಡಮ್ಮನಿಗೆ ಈ ಕತೆ ಹೇಳಿದೆ. "ನಾನೂ ಒಂದೆರಡು ಸಲ ಬೇಕಾದವರಿಗೆ ಬೇಗ ಲೈನ್ ಕೊಟ್ಟಿದ್ದೀನಿ" ಅಂದರು, ಸ್ವಲ್ಪವೂ ನಾಚಿಕೆ ಇಲ್ಲದೆ.

ಎರಡು ದಿನದಿಂದ ಅವರ ಪ್ರಶ್ನೆಯೇ ತಲೆಯಲ್ಲಿ ಸುತ್ತುತ್ತಿದೆ. ಸ್ಟ್ರೋಜರ್ ಯಂತ್ರಕ್ಕೆ ಮಾತು ಬರುತ್ತಿರಲಿಲ್ಲ. ಕೇಳಿದ ಮನೆ ಬಾಗಿಲಿಗೆ ಮುಟ್ಟಿಸಿ ಸುಮ್ನಾಗುತ್ತಿತ್ತು. ಈಗಿನದು ನಮಸ್ಕಾರ ಅನ್ನುತ್ತೆ, ನಿಮ್ಮ ಕರೆ ನಮಗೆ ಮುಖ್ಯ ಅನ್ನುತ್ತೆ, ಬಾಗಿಲು ಮಾತ್ರ ತೋರಿಸಲ್ಲ.

ಬುಧವಾರ ಆಟೋ ಹಿಡಿದು ಬ್ರಾಂಚಿಗೇ ಹೋದೆವು. ಕೌಂಟರಿನ ಹುಡುಗ ಒಳ್ಳೆಯವನೇ, ಕುರ್ಚಿ ಕೊಟ್ಟ. ಆಮೇಲೆ, "ಅಮ್ಮಾ, ಇದಕ್ಕೆ ಕಸ್ಟಮರ್ ಕೇರ್‌ಗೆ ಫೋನ್ ಮಾಡ್ಬೇಕು" ಅಂದ.

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಅವನ ಕಡೆ ಬಾಗಿದರು. "ಮಾಡಿದ್ವಪ್ಪಾ. ಅಲ್ಲಿ ಯಾರೂ ಇರ್ಲಿಲ್ಲ. ಅದಕ್ಕೇ ನಿನ್ ಹತ್ರ ಬಂದ್ವಿ."