ಹೊಗೆ ನೀರು ಕುಡಿದ ಬೀಜಗಳು

ದಕ್ಷಿಣ ಆಫ್ರಿಕಾದ ಪಿನ್‌ಕುಷನ್ ಹೂವನ್ನು ನೀವು ಫೋಟೋದಲ್ಲಾದರೂ ನೋಡಿರುತ್ತೀರಿ. ಕಿತ್ತಳೆ ಬಣ್ಣದ ದುಂಡು ಹೂವು, ಸುತ್ತಲೂ ಬಾಗಿದ ಸೂಜಿಗಳಂಥ ಎಳೆಗಳು. ನನಗೆ ಇದರ ಹುಚ್ಚು ಹತ್ತಿ ಬಹಳ ಕಾಲವಾಗಿತ್ತು. ಬೆಳೆದ ಗಿಡ ತಂದು ಇಡುವುದು ಬೇಡ, ಬೀಜದಿಂದಲೇ ಎಬ್ಬಿಸಬೇಕು ಅನ್ನುವ ಹಟ. ಕೊನೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರದ ಜೊತೆ ಒಂದು ಲಕೋಟೆ ಬಂತು. ಒಂದು ಪೊಟ್ಟಣದಲ್ಲಿ ಪಿನ್‌ಕುಷನ್ ಬೀಜ, ಕಲ್ಲಿನಷ್ಟು ಗಟ್ಟಿ. ಇನ್ನೊಂದರಲ್ಲಿ ಕೇಪ್ ಸ್ನೋ, ಅಂದರೆ ಸಿಂಕಾರ್ಫಾ ವೆಸ್ಟಿಟಾ. ಬಿಳಿ ಕಾಗದದ ಹಾಗೆ ಸರಸರ ಅನ್ನುವ ಹೂವು ಬಿಡುವ ಗಿಡ ಅದು. ಅದರ ಬೀಜ ಮಾತ್ರ ತೀರಾ ಚಿಕ್ಕದು, ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತದೆ.

ಇವೆರಡೂ ಸುಮ್ನೆ ಮಣ್ಣಿಗೆ ಹಾಕಿ ನೀರು ಬಿಟ್ಟರೆ ಮೊಳೆಯುವ ಜಾತಿಯಲ್ಲ. ಯಾಕೆ ಅಂತ ತಿಳಿಯಬೇಕಾದರೆ ಅವುಗಳ ಊರನ್ನು ತಿಳಿಯಬೇಕು. ಕೇಪ್ ಪ್ರದೇಶದ ಈ ಕುರುಚಲು ಕಾಡಿಗೆ ಫೈನ್‌ಬೋಸ್ ಅನ್ನುತ್ತಾರೆ. ಕೇಪ್ ಸಸ್ಯವಲಯದಲ್ಲಿ ಸುಮಾರು 9000 ಜಾತಿಯ ಗಿಡಗಳಿವೆ, ಅದರಲ್ಲಿ ಮೂರರಲ್ಲಿ ಎರಡು ಪಾಲು ಪ್ರಪಂಚದ ಬೇರೆಲ್ಲೂ ಇಲ್ಲ. ಮಣ್ಣು ಬಡಕಲು, ಬೇಸಿಗೆ ಒಣ, ಮಳೆ ಬರುವುದು ಚಳಿಗಾಲದಲ್ಲಿ. ಆಗಾಗ, ಹತ್ತು ಹದಿನೈದು ವರ್ಷಕ್ಕೋ ಇನ್ನೂ ತಡವಾಗಿಯೋ, ಇಡೀ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ನಾನು ತರಿಸಿದ ಪಿನ್‌ಕುಷನ್ ಜಾತಿ ಆ ಬೆಂಕಿಯಲ್ಲಿ ಸತ್ತೇ ಹೋಗುತ್ತದೆ, ಬುಡದಿಂದ ಮತ್ತೆ ಚಿಗುರುವ ಶಕ್ತಿ ಅದಕ್ಕಿಲ್ಲ. ಮುಂದಿನ ಪೀಳಿಗೆ ಪೂರ್ತಿ ಮಣ್ಣಿನೊಳಗೆ ಕಾಯುತ್ತಿರುವ ಬೀಜದ ಮೇಲೆ ನಿಂತಿದೆ. ಅಂಥ ಬೀಜ ತಪ್ಪು ಹೊತ್ತಿನಲ್ಲಿ ಮೊಳೆತರೆ ದೊಡ್ಡ ಗಿಡಗಳ ನೆರಳಲ್ಲಿ ಸೊರಗಿ ಸಾಯುತ್ತದೆ, ಅಲ್ವಾ? ಅದಕ್ಕೇ ಅದು ಖಾತ್ರಿ ಕೇಳುತ್ತದೆ. ಬೆಂಕಿ ಬಿತ್ತಾ, ಮೇಲೆ ಬಯಲಾಯಿತಾ, ಚಳಿ ಬಂತಾ, ಮಳೆ ಬಂತಾ, ಎಲ್ಲದಕ್ಕೂ ಹೌದು ಅನ್ನುವ ಉತ್ತರ ಸಿಕ್ಕ ಮೇಲೇ ಬಾಯಿ ಬಿಡುವುದು. ಇಷ್ಟು ಓದಿಕೊಂಡ ಮೇಲೆ ನನಗೆ ಈ ಬೀಜಗಳ ಮೇಲೆ ಗೌರವ ಜಾಸ್ತಿಯಾಯಿತು.

ಅಲ್ಲಿ ಇವನ್ನು ಬಿತ್ತುವುದು ಇರುವೆಗಳು. ಪಿನ್‌ಕುಷನ್ ಬೀಜದ ಮೇಲೆ ತೆಳುವಾದ, ಮೆತ್ತಗಿನ ಒಂದು ಪದರ ಇರುತ್ತದೆ. ಅದರ ಆಸೆಗೆ ಇರುವೆಗಳು ಬೀಜವನ್ನು ಎಳೆದುಕೊಂಡು ಗೂಡಿಗೆ ಹೋಗಿ, ಮೆತ್ತಗಿನದನ್ನು ತಿಂದು, ಗಟ್ಟಿಯದನ್ನು ನೆಲದಡಿಯಲ್ಲೇ ಬಿಟ್ಟುಬಿಡುತ್ತವೆ. ಇಲಿಗೂ ಸಿಗದ, ಬೆಂಕಿಗೂ ಸುಡದ ಆಳ ಅದು. ಹೊರಗಿನಿಂದ ಬಂದು ಅಲ್ಲಿ ಬೀಡುಬಿಟ್ಟಿರುವ ಅರ್ಜೆಂಟೀನಾ ಇರುವೆ ಹೀಗೆ ಹೂಳುವುದಿಲ್ಲ. ಅಲ್ಲಿನ ಇರುವೆಗಳನ್ನೂ ಓಡಿಸಿಬಿಡುತ್ತದೆ, ಬೀಜ ಮೇಲೇ ಬಿದ್ದಿದ್ದು ಇಲಿಗಳ ಪಾಲಾಗುತ್ತದೆ. ಒಂದು ಇರುವೆ ಬದಲಾದರೆ ಒಂದು ಹೂವಿನ ಗಿಡವೇ ಕಡಿಮೆಯಾಗುತ್ತದೆ ಅನ್ನುವುದನ್ನು ಓದಿ ಬಹಳ ಸಂಕಟವಾಯಿತು.

ಬಿತ್ತುವ ಹಿಂದಿನ ದಿನ ಇರುವೆಯ ಕೆಲಸವನ್ನೂ ಬೆಂಕಿಯ ಕೆಲಸವನ್ನೂ ನಾನೇ ವಹಿಸಿಕೊಂಡೆ. ಗಾಯ ತೊಳೆಯುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಒಂದು ಭಾಗ, ನೀರು ಎರಡು ಭಾಗ. ಹೀಗೆ ಬೆರೆಸಿದರೆ 1 ಶೇಕಡಾ ಆಗುತ್ತದೆ. ಅದರಲ್ಲಿ ಪಿನ್‌ಕುಷನ್ ಬೀಜಗಳನ್ನು 24 ಗಂಟೆ ನೆನೆಸಿಟ್ಟೆ. ಈ ಬೀಜದೊಳಗಿನ ಜೀವಕ್ಕೆ ಕೊರತೆ ಇರುವುದು ಆಮ್ಲಜನಕದ್ದು. ನೆನೆದ ಸಿಪ್ಪೆ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಕಾಡಿನಲ್ಲಿ ಬೆಂಕಿಯ ಕಾವಿಗೆ ಸಿಪ್ಪೆ ಒಣಗಿ ಬಿರುಕು ಬಿಟ್ಟು ದಾರಿ ಆಗುತ್ತದೆ, ಇಲ್ಲಿ ಪೆರಾಕ್ಸೈಡ್ ನೇರವಾಗಿ ಆಮ್ಲಜನಕವನ್ನೇ ಕೊಡುತ್ತದೆ. ಮರುದಿನ ನೋಡಿದರೆ ಮೇಲಿನ ಪದರ ಉಬ್ಬಿ ಲೋಳೆಯಾಗಿತ್ತು. ಬೆರಳಲ್ಲಿ ಮೆಲ್ಲಗೆ ಉಜ್ಜಿ ಒಂದೊಂದನ್ನೇ ಬಿಡಿಸಿದೆ. ಅದನ್ನು ಹಾಗೇ ಬಿಟ್ಟರೆ ಮಣ್ಣಲ್ಲಿ ಬೂಷ್ಟು ಹಿಡಿಯುತ್ತದೆ.

ಕೇಪ್ ಸ್ನೋಗೆ ಬೇಕಾದದ್ದು ಬೇರೆ. ಅದಕ್ಕೆ ಹೊಗೆ ಬೇಕು! ಬೆಂಕಿಯಲ್ಲಿ ಬೀಜವನ್ನು ಎಬ್ಬಿಸುವುದು ಕಾವು ಮಾತ್ರ ಅಲ್ಲ, ಹೊಗೆಯೂ ಹೌದು ಅಂತ 1990ರಲ್ಲಿ ದಕ್ಷಿಣ ಆಫ್ರಿಕಾದ ಡಿ ಲಾಂಗೆ ಮತ್ತು ಬೌಷರ್ ಒಂದು ಅಪರೂಪದ ಫೈನ್‌ಬೋಸ್ ಗಿಡದ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಕೆಲವೇ ವರ್ಷದಲ್ಲಿ ಕೇಪ್ ಸ್ನೋಗೂ ಹೊಗೆ ಹಿಡಿಸುತ್ತದೆ ಅಂತ ಗೊತ್ತಾಯಿತು, ಹೊಗೆ ಕರಗಿಸಿದ ನೀರು ಕೊಟ್ಟರೂ ಸಾಕು ಅಂತಲೂ ಗೊತ್ತಾಯಿತು. ಹೊಗೆಯಲ್ಲಿ ಅಂಥದ್ದೇನಿದೆ ಅನ್ನುವುದಕ್ಕೆ ಒಂದು ಉತ್ತರ 2004ರಲ್ಲಿ ಸಿಕ್ಕಿತು. ಈಗ ಕ್ಯಾರಿಕಿನ್ ಅಂತ ಕರೆಯುವ ಒಂದು ಬಗೆಯ ವಸ್ತು. ನೂರು ಕೋಟಿ ಭಾಗ ನೀರಿನಲ್ಲಿ ಒಂದು ಭಾಗ ಇದ್ದರೂ ಎಷ್ಟೋ ಬಗೆಯ ಬೀಜಗಳು ಅದನ್ನು ಗುರುತು ಹಿಡಿಯುತ್ತವೆ. ನಂಬುವುದಕ್ಕೇ ಕಷ್ಟ.

ಹೊಗೆಯ ನೀರು ಹೀರಿಸಿ ಒಣಗಿಸಿದ ಕಾಗದದ ಬಿಲ್ಲೆಗಳು ಸಿಗುತ್ತವೆ. ಅವನ್ನೂ ಬೀಜದ ಜೊತೆಯೇ ತರಿಸಿದ್ದೆ. ನೀರಿಗೆ ಹಾಕಿದ ತಕ್ಷಣ ನೀರು ತಿಳಿ ಕಂದು ಬಣ್ಣಕ್ಕೆ ತಿರುಗಿ, ಕೋಣೆ ತುಂಬ ಒಣಹುಲ್ಲು ಸುಟ್ಟ ವಾಸನೆ. ಆ ವಾಸನೆ ಬಂದಾಗ ನನಗಾದ ಖುಷಿ ಹೇಳಲಾರೆ. ಯಾವ ಗುಡ್ಡವನ್ನೂ ಸುಡದೆ, ಒಂದು ಸಣ್ಣ ಬಟ್ಟಲಿನಲ್ಲಿ, ಆ ದೂರದ ನೆಲದ ಸುದ್ದಿಯನ್ನು ಬೀಜಕ್ಕೆ ಮುಟ್ಟಿಸುತ್ತಿದ್ದೇನೆ ಅನ್ನಿಸಿತು. ಬೀಜಗಳನ್ನು ಒಂದು ದಿನ ಅದರಲ್ಲೇ ಬಿಟ್ಟು, ಉಳಿದ ನೀರನ್ನು ಟ್ರೇಯ ಮರಳಿಗೆ ಸುರಿದೆ.

ಮಣ್ಣು ಅಂದರೆ ಹೆಚ್ಚು ಕಡಿಮೆ ದಪ್ಪ ಮರಳೇ. ಗೊಬ್ಬರ ಇಲ್ಲ. ಪಿನ್‌ಕುಷನ್ ಬೀಜವನ್ನು ಅದರ ದಪ್ಪದಷ್ಟೇ ಆಳಕ್ಕೆ ಒತ್ತಿದೆ, ಕೇಪ್ ಸ್ನೋ ಮೇಲೆ ಚಿಟಿಕೆ ಮರಳು ಉದುರಿಸಿದೆ ಅಷ್ಟೇ.

ಆಮೇಲೆ ಶುರುವಾದದ್ದು ನಿಜವಾದ ಕೆಲಸ. ಪಿನ್‌ಕುಷನ್‌ಗೆ ಹಗಲು ಸುಮಾರು 24 ಡಿಗ್ರಿ, ರಾತ್ರಿ ಸುಮಾರು 9 ಡಿಗ್ರಿ ಬೇಕು. ಈ ಏರಿಳಿತವೂ ಬೆಂಕಿಯ ಗುರುತೇ. ಮೇಲಿನ ಗಿಡಗಳು ಸುಟ್ಟುಹೋದಾಗ ನೆಲಕ್ಕೆ ಮರೆ ಇರುವುದಿಲ್ಲ, ಹಗಲು ಬೇಗ ಕಾಯುತ್ತದೆ, ರಾತ್ರಿ ಬೇಗ ತಣ್ಣಗಾಗುತ್ತದೆ. ಮೇಲೆ ಕಾಡು ದಟ್ಟವಾಗಿದ್ದರೆ ಅಷ್ಟು ವ್ಯತ್ಯಾಸ ಆಗುವುದೇ ಇಲ್ಲ. ಮಣ್ಣಿನೊಳಗೆ ಕತ್ತಲಲ್ಲಿ ಕೂತ ಬೀಜ ಬರೀ ಬಿಸಿ ತಂಪಿನ ಲೆಕ್ಕದಿಂದ ಮೇಲಿನ ಕಾಡು ಇದೆಯೋ ಇಲ್ಲವೋ ಅಂತ ಅಳೆಯುತ್ತದೆ. ನನ್ನ ಬಳಿ ಇದ್ದ ಉಪಾಯ ಫ್ರಿಜ್ ಒಂದೇ. ಒಂದು ಥರ್ಮಾಮೀಟರ್ ಇಟ್ಟು, ತಂಪು ಕಡಿಮೆ ಮಾಡಿ, ಸಂಜೆ ಟ್ರೇಯನ್ನು ಒಳಗಿಡುವುದು, ಬೆಳಿಗ್ಗೆ ಎದ್ದ ಕೂಡಲೇ ಹೊರಗೆ ಬೆಳಕಿಗೆ ತರುವುದು. ಮನೆಯವರು ಮೊದಮೊದಲು ವಿಚಿತ್ರವಾಗಿ ನೋಡಿದರು, ಆಮೇಲೆ ನಾನು ಮರೆತ ಸಂಜೆ ಅವರೇ ಒಳಗಿಡತೊಡಗಿದರು.

ಮೊದಲು ಎದ್ದದ್ದು ಕೇಪ್ ಸ್ನೋ. ಮರಳಿನ ಮೇಲೆ ಹಸಿರು ಚುಕ್ಕಿಗಳು, ಹತ್ತಿರ ಬಾಗಿದರೆ ಮಾತ್ರ ಕಾಣುವಂಥವು. ಪಿನ್‌ಕುಷನ್ ಮಾತ್ರ ವಾರಗಟ್ಟಲೆ ಅಲ್ಲಾಡಲಿಲ್ಲ. ಅಗೆದು ನೋಡುವ ಆಸೆಯನ್ನು ತಡೆದುಕೊಳ್ಳುವುದೇ ದೊಡ್ಡ ಕಷ್ಟ, ಯಾಕೆಂದರೆ ಬೇರಿನ ತುದಿ ಹೊರಟಿದ್ದರೆ ಒಂದು ತಾಕಿಗೆ ಮುರಿಯುತ್ತದೆ. ಒಂದು ಬೆಳಿಗ್ಗೆ ಮರಳು ಒಂದು ಕಡೆ ಉಬ್ಬಿತ್ತು. ಸಂಜೆಗೆ ಬಿರುಕು. ಎರಡು ದಿನದಲ್ಲಿ ಸಿಪ್ಪೆಯನ್ನು ತಲೆ ಮೇಲೆ ಹೊತ್ತುಕೊಂಡೇ ದಪ್ಪನೆಯ, ದುಂಡನೆಯ ಎರಡು ಬೀಜದೆಲೆಗಳು ಮೇಲೆ ಬಂದವು. ಎಲ್ಲರನ್ನೂ ಕರೆದು ತೋರಿಸಿದೆ. ಇಷ್ಟು ಗಟ್ಟಿಮುಟ್ಟಾದ ಸಸಿಯನ್ನು ನಾನು ಬೇರೆ ಯಾವ ಹೂವಿನ ಗಿಡದಲ್ಲೂ ನೋಡಿಲ್ಲ.

ಗೊಬ್ಬರದ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು, ಯಾಕೆಂದರೆ ಮೊಳೆತ ಖುಷಿಗೆ ಎಲ್ಲರ ಕೈಯೂ ಅದರ ಕಡೆಗೇ ಹೋಗುತ್ತದೆ. ದಯವಿಟ್ಟು ಹಾಕಬೇಡಿ. ಪಿನ್‌ಕುಷನ್ ಕುಟುಂಬದ ಗಿಡಗಳು ರಂಜಕವೇ ಇಲ್ಲದಂಥ ಮಣ್ಣಿನಲ್ಲಿ ಬದುಕಲು ಬ್ರಷ್ಷಿನಂಥ ಒತ್ತಾದ ಬೇರಿನ ಗೊಂಚಲು ಬೆಳೆಸಿಕೊಂಡಿವೆ. ಇರುವ ಚೂರುಪಾರನ್ನೂ ಹೀರಿಕೊಳ್ಳುವ ಬೇರು ಅದು. ಸಾಮಾನ್ಯ ಗೊಬ್ಬರದಲ್ಲಿರುವ ರಂಜಕ ಸಿಕ್ಕರೆ ಬೇಡ ಅನ್ನಲು ಅದಕ್ಕೆ ಬರುವುದಿಲ್ಲ, ಎಲೆ ಸುಟ್ಟು ಗಿಡ ಸಾಯುತ್ತದೆ. ನೀರೂ ಅಷ್ಟೇ, ನಿಲ್ಲಬಾರದು. ಗಾಳಿ ಆಡಬೇಕು, ಇಲ್ಲದಿದ್ದರೆ ಬುಡ ಕೊಳೆಯುವ ಶಿಲೀಂಧ್ರ ಬರುತ್ತದೆ.

ಎಲ್ಲ ಬೀಜವೂ ಮೊಳೆತಿಲ್ಲ. ಮೊಳೆಯದ ಟ್ರೇಯನ್ನು ಎಸೆಯಬಾರದು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಸಾಕ್ಷಿ ಇದೆ. ಯಾನ್ ಟೇರ್ಲಿಂಕ್ ಅನ್ನುವ ಡಚ್ ವ್ಯಾಪಾರಿ ಕೇಪ್‌ನಲ್ಲಿ ಸಂಗ್ರಹಿಸಿದ ಬೀಜದ ಪೊಟ್ಟಣಗಳು 1803ರಲ್ಲಿ ಅವನ ಹಡಗಿನ ಜೊತೆ ಬ್ರಿಟಿಷರ ಕೈಗೆ ಸಿಕ್ಕಿ, ಲಂಡನ್ನಿನ ಕಡತಗಳ ನಡುವೆ ಇನ್ನೂರು ವರ್ಷ ಬಿದ್ದಿದ್ದವು. 32 ಜಾತಿಯ ಬೀಜಗಳು. ಇಂಗ್ಲೆಂಡಿನ ಮಿಲೇನಿಯಂ ಸೀಡ್ ಬ್ಯಾಂಕಿನವರು ಅವನ್ನು ಬಿತ್ತಿದಾಗ ಮೂರು ಜಾತಿ ಮೊಳೆತವು, 2006ರಲ್ಲಿ ಆ ಸುದ್ದಿ ಬಂತು. ಆ ಮೂರರಲ್ಲಿ ಒಂದು ಪಿನ್‌ಕುಷನ್ ಕುಲದ್ದೇ!

ಹಾಗಾಗಿ ಎದ್ದ ಸಸಿಗಳನ್ನು ಬೇರು ಅಲುಗದ ಹಾಗೆ ಮರಳಿನ ಸಮೇತ ಎತ್ತಿ ಉದ್ದನೆಯ ಕುಂಡಗಳಿಗೆ ಬದಲಾಯಿಸಿದೆ. ಹೂವಿಗೆ ಇನ್ನೂ ಮೂರ್ನಾಲ್ಕು ವರ್ಷ ಬೇಕು. ಉಳಿದ ಟ್ರೇಯನ್ನು ಒಣಗಲು ಬಿಟ್ಟಿದ್ದೇನೆ, ಬೇಸಿಗೆಯ ಬಿಸಿಲು ಚೆನ್ನಾಗಿ ತಾಗಲಿ. ಮುಂದಿನ ಚಳಿ ಶುರುವಾಗುವ ಹೊತ್ತಿಗೆ ಅದಕ್ಕೆ ಮತ್ತೆ ಹೊಗೆ ನೀರು ಕೊಡುತ್ತೇನೆ. ಈ ಸಲ ಪಿನ್‌ಕುಷನ್ ಕುಟುಂಬದ್ದೇ ಆದ ರಾಜ ಪ್ರೋಟಿಯಾ ಬೀಜವನ್ನೂ ಹೇಳಿ ಕಳಿಸಿದ್ದೇನೆ, ಅದಕ್ಕೂ ತಂಪು ರಾತ್ರಿಗಳು ಬೇಕು, ಫ್ರಿಜ್ಜಿನಲ್ಲಿ ಇನ್ನೊಂದು ಟ್ರೇಗೆ ಜಾಗ ಮಾಡಬೇಕು.