ಮೆರಾಪಿ ತಪ್ಪಲಲ್ಲಿ ಹಾಲು ಕರೆಯುವ ಹೊತ್ತು

ಬಾಗಿಲ ಹತ್ತಿರವೇ ಹಸುವಿನ ಅಸ್ಥಿಪಂಜರ ಇಟ್ಟಿದ್ದರು. ಪಕ್ಕೆಲುಬುಗಳು ಕಂದಿ, ಹಳೆ ಪಾತ್ರೆಯ ಬಣ್ಣಕ್ಕೆ ಬಂದಿದ್ದವು. ನಾನು ಮೊದಲು ನೋಡಿದ್ದು ದವಡೆಯನ್ನು. ಮೇವು ಮೆದ್ದು ಮೆದ್ದು ಸವೆದ ಹಲ್ಲು ಹಾಗೇ ಇತ್ತು. ನಮ್ಮ ಹಟ್ಟಿಯ ಹಸುಗಳ ಬಾಯಿ ಬಿಡಿಸಿ ವಯಸ್ಸು ನೋಡುವುದನ್ನು ಅಪ್ಪ ನನಗೆ ಚಿಕ್ಕವಳಿದ್ದಾಗಲೇ ಕಲಿಸಿದ್ದರು. ಇದು ಇನ್ನೂ ನಾಲ್ಕೈದು ಕರು ಹಾಕಬೇಕಿದ್ದ ಹಸು ಅನ್ನಿಸಿತು.

ಇಂಡೋನೇಷ್ಯಾದ ಯೋಗ್ಯಕರ್ತಾಕ್ಕೆ ಕಚೇರಿಯ ತರಬೇತಿಗೆಂದು ಎರಡು ವಾರ ಹೋಗಿದ್ದೆ. ಊರಿನ ಉತ್ತರಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ ಮೆರಾಪಿ ಜ್ವಾಲಾಮುಖಿ. ಬೆಳಿಗ್ಗೆ ಬೇಗ ಎದ್ದರೆ ಹೋಟೆಲಿನ ತಾರಸಿಯಿಂದಲೇ ಕಾಣುತ್ತಿತ್ತು, ಎಂಟು ಗಂಟೆಗೆಲ್ಲ ಮೋಡ ಮುಚ್ಚಿಬಿಡುತ್ತಿತ್ತು. 2020ರ ನವೆಂಬರ್‌ನಿಂದ ಅಲ್ಲಿ ನಾಲ್ಕು ಹಂತಗಳ ಎಚ್ಚರಿಕೆಯಲ್ಲಿ ಮೂರನೆಯದು, 'ಸಿಯಾಗಾ', ಜಾರಿಯಲ್ಲಿದೆ. ಹಾಗಾಗಿ ತುದಿ ಹತ್ತುವ ಮಾತೇ ಇಲ್ಲ. ತಪ್ಪಲಿನ ಹಳ್ಳಿಗಳವರೆಗೆ ಜೀಪಿನಲ್ಲಿ ಕರೆದೊಯ್ಯುತ್ತಾರೆ ಅಂದರು. ಭಾನುವಾರ ಹೊರಟೆ.

ಜೀಪ್ ಓಡಿಸುತ್ತಿದ್ದವನಿಗೆ ಮೂವತ್ತೈದರ ಆಸುಪಾಸು. ಅಲ್ಲಿ ಗಂಡಸರನ್ನು 'ಮಾಸ್' ಅನ್ನುತ್ತಾರೆ, ಅಣ್ಣ ಎಂದ ಹಾಗೆ. ನಾನೂ ಹಾಗೇ ಕರೆದೆ. ಮಾಸ್ ನನ್ನನ್ನು ಮೊದಲು ತಂದಿಳಿಸಿದ್ದು ಪೆತುಂಗ್ ಅನ್ನುವ ಹಳ್ಳಿಯ ಈ ಮನೆಗೆ. 2010ರ ಸ್ಫೋಟದಲ್ಲಿ ಸುಟ್ಟು ಉಳಿದದ್ದನ್ನು ಆ ಕುಟುಂಬದವರೇ ಜೋಡಿಸಿ ಮ್ಯೂಸಿಯಂ ಮಾಡಿದ್ದಾರೆ. ಹೆಸರು 'ಸಿಸಾ ಹರ್ತಾಕು'. ಸಿಸಾ ನಮ್ಮ 'ಶೇಷ', ಹರ್ತಾ ನಮ್ಮ 'ಅರ್ಥ'. ನನ್ನ ಆಸ್ತಿಯಲ್ಲಿ ಉಳಿದದ್ದು ಇಷ್ಟು, ಅಂತ. ಒಳಗೆ ಕರಗಿ ಮಡಿಸಿಕೊಂಡ ಗಾಜಿನ ಬಾಟಲಿ, ಬರೀ ಕಬ್ಬಿಣ ಉಳಿದ ಬೈಕು, ಗೋಡೆಯ ಮೇಲೆ ಮುಖ ಸುಕ್ಕುಗಟ್ಟಿದ ಗಡಿಯಾರ. ಮುಳ್ಳುಗಳು 12 ಗಂಟೆ 5 ನಿಮಿಷದಲ್ಲಿ ನಿಂತಿವೆ. 2010ರ ನವೆಂಬರ್ 5, ನಡುರಾತ್ರಿ.

ಆ ರಾತ್ರಿ ಬಂದದ್ದು ಲಾವಾ ಅಲ್ಲ. ಜ್ವಾಲಾಮುಖಿ ಅಂದರೆ ಕೆಂಪಗೆ ಹರಿಯುವ ಲಾವಾ ಎಂದೇ ನಾವೆಲ್ಲ ಅಂದುಕೊಂಡಿರುತ್ತೇವೆ. ಮೆರಾಪಿಯಲ್ಲಿ ಜೀವ ತೆಗೆಯುವುದು ನೂರಾರು ಡಿಗ್ರಿ ಬಿಸಿಯ ಅನಿಲ, ಬೂದಿ, ಕಲ್ಲು ಒಟ್ಟಾಗಿ ಇಳಿಜಾರಿನಲ್ಲಿ ಉರುಳಿಬರುವ ಮೋಡ. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗ. ಜಾವಾದ ಜನ ಅದಕ್ಕೆ 'ವೆಧುಸ್ ಗೆಂಬೆಲ್' ಅನ್ನುತ್ತಾರೆ, ಉಣ್ಣೆ ಗಂಟುಗಟ್ಟಿದ ಕುರಿ. ದೂರದಿಂದ ಕುರಿಮಂದೆ ಇಳಿದು ಬಂದ ಹಾಗೇ ಕಾಣುತ್ತದಂತೆ. ವಿಜ್ಞಾನಿಗಳ ಹೆಸರಿಗಿಂತ ಇದೇ ಸರಿ ಅನ್ನಿಸಿತು ನನಗೆ. ಕುರಿ ಕಾದವರು ಇಟ್ಟ ಹೆಸರು.

"ನಿಮ್ಮ ಮನೆ ಎಲ್ಲಿತ್ತು ಮಾಸ್?" ಅಂದೆ. ಮೇಲಕ್ಕೆ ಕೈ ತೋರಿಸಿದ. ನಾಲ್ಕು ಹಸು ಇದ್ದವಂತೆ, ಎಲ್ಲಾ ಕಪ್ಪು ಬಿಳಿ. ಅಂದರೆ ನಮ್ಮ ಎಚ್‌ಎಫ್ ತಳಿ. ಹಾಲನ್ನು ಸಹಕಾರ ಸಂಘಕ್ಕೆ ಹಾಕುತ್ತಿದ್ದರು, ದಿನಕ್ಕೆ ಎರಡು ಹೊತ್ತು.

ನಾಗಮಂಗಲದ ಹತ್ತಿರದ ನಮ್ಮ ಊರಲ್ಲೂ ಅಷ್ಟೇ. ಬೆಳಿಗ್ಗೆ ಆರು, ಸಂಜೆ ಆರು, ಅಮ್ಮ ಕ್ಯಾನು ಹಿಡಿದು ಡೈರಿ ಮುಂದೆ ನಿಂತಿರುತ್ತಾಳೆ. ನೆಂಟರ ಮದುವೆಗೆ ಹೋದರೂ ಮುಹೂರ್ತ ಮುಗಿಸಿ, ಊಟದ ಎಲೆ ಎತ್ತುವ ಮೊದಲೇ ಬಸ್ಸು ಹಿಡಿಯುವವಳು. ಎರಡು ಹೊತ್ತು ಹಾಲು ಕರೆಯದೆ ಬಿಟ್ಟರೆ ಕೆಚ್ಚಲು ಕಲ್ಲಾಗುತ್ತದೆ, ಬಾವು ಬರುತ್ತದೆ, ಹಸು ರಾತ್ರಿಯಿಡೀ ಅರಚುತ್ತದೆ. ಮಾಸ್‌ಗೆ ಇದನ್ನೆಲ್ಲ ಬಿಡಿಸಿ ಹೇಳುವ ಅಗತ್ಯವೇ ಬರಲಿಲ್ಲ.

ಅವನು ಹೇಳಿದ್ದಕ್ಕೆ ನಾನು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಮೆರಾಪಿಯ ತುದಿಯ ಸುತ್ತ ಬಂಡೆಗಳಿಗೆ ಅಂಗೈಯಗಲದ ಗಾಜಿನ ಪ್ರಿಸಂ ಕೂರಿಸಿದ್ದಾರೆ. ತಪ್ಪಲಿನ ವೀಕ್ಷಣಾ ಠಾಣೆಗಳಿಂದ ಅದಕ್ಕೆ ಬೆಳಕಿನ ಕಿರಣ ಬಿಟ್ಟು, ಅದು ತಿರುಗಿ ಬರುವುದನ್ನು ಅಳೆದು ದೂರ ಕಂಡುಹಿಡಿಯುತ್ತಾರೆ. ಒಳಗಿನಿಂದ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಒತ್ತಿದರೆ ಬೆಟ್ಟದ ಮೈ ಹೊರಕ್ಕೆ ಉಬ್ಬುತ್ತದೆ, ಠಾಣೆಗೂ ಪ್ರಿಸಂಗೂ ನಡುವಿನ ದೂರ ಕಡಿಮೆಯಾಗುತ್ತದೆ. ಮಾಮೂಲು ದಿನಗಳಲ್ಲಿ ಲೆಕ್ಕ ಮಿಲಿಮೀಟರ್‌ಗಳಲ್ಲಿ. 2010ರ ಅಕ್ಟೋಬರ್ ಕೊನೆಯಲ್ಲಿ ದಕ್ಷಿಣದ ಮೈ ದಿನಕ್ಕೆ ಸುಮಾರು ಅರ್ಧ ಮೀಟರ್ ಉಬ್ಬುತ್ತಿತ್ತು. ಭೂಕಂಪಮಾಪಕಗಳು ಹಿಂದಿನ ಸ್ಫೋಟಗಳ ಮುನ್ನ ಕಂಡಿರದಷ್ಟು ನಡುಕ ದಾಖಲಿಸುತ್ತಿದ್ದವು. ಸರ್ಕಾರದ ಜ್ವಾಲಾಮುಖಿ ಕೇಂದ್ರಕ್ಕೆ ಆಗ ಮುಖ್ಯಸ್ಥರಾಗಿದ್ದವರು ಸುರೊನೊ. ಅಕ್ಟೋಬರ್ 25ರಂದು ಎಚ್ಚರಿಕೆಯನ್ನು ಕೊನೆಯ ಹಂತ 'ಆವಾಸ್'ಗೆ ಏರಿಸಿ, ಹತ್ತು ಕಿಲೋಮೀಟರ್ ಒಳಗಿನವರೆಲ್ಲ ಹೊರಡಬೇಕು ಅಂದರು. ಮರುದಿನ ಸಂಜೆ 5 ಗಂಟೆಗೆ ಮೊದಲ ಸ್ಫೋಟ.

ಸಂಜೆ ಐದು. ಹಾಲು ಕರೆಯುವ ಹೊತ್ತು.

ಆ ಸಂಜೆ ಕಿನಾಹ್ರೆಜೊ ಹಳ್ಳಿಯಲ್ಲಿ ತೀರಿಕೊಂಡವರಲ್ಲಿ ಎಂಬಾಹ್ ಮರಿಜಾನ್ ಒಬ್ಬರು. ಯೋಗ್ಯಕರ್ತಾದ ಸುಲ್ತಾನರು ಬೆಟ್ಟದ ಪೂಜೆ, ಕಾವಲಿಗೆ ನೇಮಿಸಿದ್ದ ಹಿರಿಯರು. 2006ರಲ್ಲೂ ಹೊರಡಲು ಒಪ್ಪಿರಲಿಲ್ಲ, ಬದುಕಿ ಉಳಿದಿದ್ದರು. ಈ ಸಲ ಅವರನ್ನು ಒಪ್ಪಿಸಿ ಕರೆತರಲು ಹೋದವರೂ ಅವರ ಜೊತೆಗೇ ಹೋದರು. ಮಾಸ್ ಅವರ ಬಗ್ಗೆ ಮಾತಾಡುವಾಗ ದನಿ ತಗ್ಗಿಸಿದ. ಹಠಮಾರಿ ಅಂತಾಗಲಿ ಮೂಢನಂಬಿಕೆ ಅಂತಾಗಲಿ ಒಂದು ಮಾತೂ ಅವನ ಬಾಯಲ್ಲಿ ಬರಲಿಲ್ಲ. "ಅವರದು ಕೆಲಸ. ಕೆಲಸ ಬಿಟ್ಟು ಬರಲಿಲ್ಲ" ಅಂದ.

ಅಲ್ಲಿಂದ ಕಾಲಿಯಾದೆಮ್‌ಗೆ ಹೋದೆವು. ನೆಲದೊಳಗೆ ಕಾಂಕ್ರೀಟಿನ ಬಂಕರ್. ಬಿಸಿಮೋಡ ಬಂದರೆ ಅವಿತುಕೊಳ್ಳಲೆಂದು ಕಟ್ಟಿದ್ದು. ದಪ್ಪನೆಯ ಕಬ್ಬಿಣದ ಬಾಗಿಲು, ಒಳಗೆ ಕತ್ತಲೆ, ತಂಪು, ತೇವದ ವಾಸನೆ. 2006ರ ಜೂನ್ 13ರಂದು ಅಪಾಯ ಕಡಿಮೆಯಾಯಿತೆಂದು ಎಚ್ಚರಿಕೆಯನ್ನು ಒಂದು ಹಂತ ಇಳಿಸಿದ್ದರು. ಮರುದಿನವೇ ದೊಡ್ಡ ಬಿಸಿಮೋಡ ಇಳಿಯಿತು. ಈ ಬಂಕರ್ ಒಳಗೆ ಸೇರಿಕೊಂಡ ಇಬ್ಬರು ಸ್ವಯಂಸೇವಕರು ಬದುಕಲಿಲ್ಲ. ಮೇಲೆ ಬಿದ್ದ ಬಿಸಿ ಬೂದಿ, ಕಲ್ಲಿನ ಕಾವು ಗೋಡೆ ದಾಟಿ ಒಳಗಿಳಿದಿತ್ತು. ಗೋಡೆಗೆ ಅಂಗೈ ಇಟ್ಟೆ. ತಣ್ಣಗಿತ್ತು. ಬೇಗ ಹೊರಗೆ ಬಂದುಬಿಟ್ಟೆ.

ಎಚ್ಚರಿಕೆ ಇಳಿಸಿದ ಮರುದಿನ ಹಾಗಾದದ್ದನ್ನು ಕಂಡವರೂ ಹಳ್ಳಿಯವರೇ, ಹೊರಡಿ ಅಂದಾಗ ಹೊರಡದೆ ಉಳಿದವರು ಬದುಕಿದ್ದನ್ನು ಕಂಡವರೂ ಅವರೇ. ನಾಲ್ಕು ವರ್ಷ ಕಳೆದು ಇನ್ನೊಮ್ಮೆ ಹೊರಡಿ ಅಂದಾಗ ಅವರು ಯಾವುದನ್ನು ನೆನೆಯಬೇಕು? ಆದರೂ 2010ರಲ್ಲಿ ಲಕ್ಷಾಂತರ ಜನ ಹೊರಟರು. ಮೋಡವನ್ನೂ ಹೊಗೆಯನ್ನೂ ತೂರಿ ನೋಡುವ ಉಪಗ್ರಹದ ರೇಡಾರ್ ಚಿತ್ರಗಳಲ್ಲಿ, ತುದಿಯಲ್ಲಿ ಮಂದ ಲಾವಾ ಗುಡ್ಡೆಗಟ್ಟಿ ಆದ ಗುಮ್ಮಟ ವಿಪರೀತ ವೇಗದಲ್ಲಿ ಬೆಳೆಯುತ್ತಿರುವುದು ಕಂಡಿತು. ನವೆಂಬರ್ 3ರಂದು ತೆರವಿನ ವಲಯವನ್ನು 15 ಕಿಲೋಮೀಟರಿಗೆ, ಎರಡು ದಿನದಲ್ಲಿ 20ಕ್ಕೆ ಹಿಗ್ಗಿಸಿದರು. ನವೆಂಬರ್ 5ರ ಮೋಡ ಗೆಂಡೋಲ್ ನದಿಯ ಕಣಿವೆ ಹಿಡಿದು ಸುಮಾರು 15 ಕಿಲೋಮೀಟರ್ ಇಳಿಯಿತು. ಒಟ್ಟು 350ಕ್ಕೂ ಹೆಚ್ಚು ಜನ ಸತ್ತರು. ಹಾಗೆ ತೆರವು ಮಾಡಿಸದಿದ್ದರೆ ಇನ್ನೂ ಹತ್ತರಿಂದ ಇಪ್ಪತ್ತು ಸಾವಿರ ಜೀವ ಹೋಗುತ್ತಿತ್ತು ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಈ ಸಂಖ್ಯೆ ಓದಿದ ದಿನ ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಬೆಟ್ಟದ ಬಂಡೆಗೆ ಗಾಜು ಕೂರಿಸಿ ದಿನವೂ ಅಳತೆ ಬರೆದವರು ಉಳಿಸಿದ ಜೀವಗಳು ಅವು.

ಆಗ ಮಾಸ್‌ನ ಮನೆಯವರು ಶಿಬಿರದಲ್ಲಿದ್ದರು. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಕದ್ದು ಮೇಲೆ ಹೋಗಿ ಹುಲ್ಲು ಹಾಕಿ, ಹಾಲು ಕರೆದು ಇಳಿಯುತ್ತಿದ್ದರು. ಹಾಗೆ ಹೋಗಿಬರುವವರು ಸುತ್ತ ಹಳ್ಳಿಗಳಲ್ಲೆಲ್ಲ ಇದ್ದರು. ಸರ್ಕಾರ ಹಸುಗಳನ್ನು ತಾನೇ ಕೊಳ್ಳುತ್ತೇನೆ ಎಂದು ಹೇಳಬೇಕಾಗಿ ಬಂತು, ಜನ ಮೇಲೆ ಹೋಗದಿರಲಿ ಅಂತ. ನವೆಂಬರ್ 4ರಂದು ಬೂದಿ ದಟ್ಟವಾಗಿ ಸುರಿಯಿತು, ಅಪ್ಪ ಅರ್ಧ ದಾರಿಯಿಂದ ಹಿಂದಿರುಗಿದರು. ಅದಕ್ಕೇ ಉಳಿದರು.

"ಅಪ್ಪ ಇವತ್ತಿಗೂ ಹೇಳೋದು ಒಂದೇ ಮಾತು" ಅಂದ ಮಾಸ್. "ಹಿಂದಿನ ದಿನ ಬರುವಾಗ ಕಣ್ಣಿ ಬಿಚ್ಚಿ ಬಿಡಬೇಕಿತ್ತು ಅಂತಾರೆ. ಗೂಟಕ್ಕೆ ಕಟ್ಟೇ ಬಂದಿದ್ದರು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕಣ್ಣಿ ಬಿಚ್ಚಿದ್ದರೂ ಅವು ಓಡುತ್ತಿರಲಿಲ್ಲ ಎಂದು ನನಗೆ ಗೊತ್ತು, ಅವನಿಗೂ ಗೊತ್ತು. ಹಟ್ಟಿಯ ಹಸು ಹಟ್ಟಿಯಲ್ಲೇ ನಿಲ್ಲುತ್ತದೆ.

ಸಂಜೆ ಹೋಟೆಲಿಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಏಳೂವರೆ, ಊರಲ್ಲಿ ಆರು. ಡೈರಿ ಮುಂದಿನ ಗದ್ದಲ ಕೇಳಿಸುತ್ತಿತ್ತು. ಎಲ್ಲಾ ಹೇಳಿದೆ. "ನೀನಾಗಿದ್ರೆ ಬಿಟ್ಟು ಹೋಗ್ತಿದ್ದಾ?" ಅಂತ ಕೇಳಿದೆ.

"ಸರ್ಕಾರದೋರು ಹಸಾನೂ ಲಾರಿಗೆ ಹತ್ತಿಸ್ಕತೀವಿ ಅಂದ್ರೆ ಹೋಗ್ತೀನಿ ಕಣ್ ಮಗ. ನನ್ನೊಬ್ಳನ್ನೇ ಬಾ ಅಂದ್ರೆ ಎಂಗೋದಾತು?"

2020ರಲ್ಲಿ ಅಲ್ಲಿ ಆಗಿದ್ದೇ ಅದು. ನವೆಂಬರ್‌ನಲ್ಲಿ ಎಚ್ಚರಿಕೆ ಮೂರನೇ ಹಂತಕ್ಕೇರಿದಾಗ ಗ್ಲಗಾಹರ್ಜೊದ ಮೇಲಿನ ಹಳ್ಳಿಯವರನ್ನು ಇಳಿಸಿ, ಅವರ ಹಸುಗಳಿಗೂ ಶಿಬಿರದ ಹತ್ತಿರವೇ ತಾತ್ಕಾಲಿಕ ಹಟ್ಟಿ ಹಾಕಿಕೊಟ್ಟರು. ಅಮ್ಮನಿಗೆ ಹೇಳಿದೆ. "ಈಗ ಬುದ್ಧಿ ಬಂತು ನೋಡು" ಅಂದಳು.

ಆ ದಿನ ವಾಪಸ್ ಇಳಿಯುವಾಗ ಮಾಸ್ ತನ್ನ ಈಗಿನ ಮನೆಯ ಹತ್ತಿರ ಜೀಪ್ ನಿಲ್ಲಿಸಿದ್ದ. ಸ್ಫೋಟದ ನಂತರ ಸರ್ಕಾರ ಕೆಳಗೆ ಕಟ್ಟಿಸಿದ ಸಾಲುಮನೆಗಳು. ಹಸುಗಳಿಗೆ ಮನೆಯಿಂದ ಸ್ವಲ್ಪ ದೂರ, ಎಲ್ಲರದೂ ಸೇರಿದ ಒಂದೇ ಉದ್ದನೆಯ ಹಟ್ಟಿ. ಅವನ ಅಪ್ಪ ಬೈಕಿನ ಹಿಂದೆ ಬೈಕಿಗಿಂತ ಅಗಲದ ಹುಲ್ಲಿನ ಹೊರೆ ಕಟ್ಟಿಕೊಂಡು ಮೇಲಿನಿಂದ ಇಳಿದು ಬಂದರು. ಹಳೆ ಊರಿನ ಜಾಗದಲ್ಲಿ ಈಗ ಮೇವು ಬೆಳೆಯುತ್ತಾರೆ. 'ರುಂಪುತ್ ಗಜಾ' ಅಂದರು, ಗಜ ಅಂದರೆ ಆನೆಯೇ. ನೋಡಿದರೆ ನಮ್ಮ ನೇಪಿಯರ್ ಹುಲ್ಲು. ಒಂದು ಕಂತೆ ಕೇಳಿ ತೆಗೆದುಕೊಂಡು ಹತ್ತಿರದ ಹಸುವಿನ ಮುಂದೆ ಹಿಡಿದೆ. ಅದು ನಾಲಿಗೆ ಸುತ್ತಿ ಎಳೆದುಕೊಂಡ ರಭಸಕ್ಕೆ ಅಂಗೈ ಸ್ವಲ್ಪ ಕುಯ್ದಿತು. ಅಜ್ಜ ನಕ್ಕರು, ಬಕೆಟ್ ತೊಳೆದರು, ಕೆಚ್ಚಲಿಗೆ ಬಿಸಿನೀರು ಎರಚಿ ಕುಕ್ಕರಗಾಲಲ್ಲಿ ಕೂತರು. ಗಡಿಯಾರ ನೋಡಿದೆ, ಐದಾಗಿತ್ತು. ಮೋಡ ಸರಿದು ಮೆರಾಪಿಯ ತುದಿ ಕಾಣುತ್ತಿತ್ತು. ತೆಳ್ಳಗೆ ಹೊಗೆ ಪಶ್ಚಿಮಕ್ಕೆ ಹೋಗುತ್ತಿತ್ತು. ಅಜ್ಜ ಒಮ್ಮೆ ತಲೆಯೆತ್ತಿ ಅದು ಯಾವ ಕಡೆ ಹೋಗುತ್ತಿದೆ ಎಂದು ನೋಡಿ, ಹಾಲು ಕರೆಯಲು ಶುರು ಮಾಡಿದರು.