ಥೀಮ್ ಪಾರ್ಕಿನಲ್ಲಿ ವೆಜ್‌ನವರು ಕರಿದದ್ದು ತಿನ್ನಬಹುದಾ? ಮೊದಲು ಎಣ್ಣೆ ಕೇಳಿ

ಬೇಸಿಗೆ ರಜೆ ಬಂತೆಂದರೆ ರಾಯಚೂರಿನಲ್ಲಿ ನನಗೆ ಈ ಪ್ರಶ್ನೆ ಶುರು. "ಮಕ್ಕಳನ್ನ ಕರ್ಕೊಂಡು ಹೈದರಾಬಾದಿನ ಪಾರ್ಕಿಗೆ ಹೊಂಟೀವಿ. ನಾವು ಪ್ಯೂರ್ ವೆಜ್. ಅಲ್ಲಿ ಕರಿದದ್ದು ಏನಾದ್ರೂ ತಿನ್ನಬಹುದಾ?" ಓಣಿಯವರು ಕೇಳುತ್ತಾರೆ, ಆಫೀಸಿನವರು ಕೇಳುತ್ತಾರೆ, ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವರೂ ಕೇಳಿದ್ದಾರೆ. ಯಾಕೆಂದರೆ ನಾವು ವರ್ಷಕ್ಕೊಮ್ಮೆ ಅವ್ವನನ್ನೂ ಕರೆದುಕೊಂಡು ಹೋಗಿಬರುವವರು. ಮೊಟ್ಟೆ ಮುಟ್ಟಿದ ಸೌಟು ತಾಗಿದರೂ ಅವ್ವ ತಿನ್ನುವುದಿಲ್ಲ. ಅವಳು ಏನು ತಿಂದಳು ಎಂದು ಗೊತ್ತಾದರೆ ಸಾಕು, ಉಳಿದವರು ಧೈರ್ಯವಾಗಿ ತಿನ್ನುತ್ತಾರೆ.

ಉತ್ತರ ಇಷ್ಟೇ. ತಿನ್ನಬಹುದು. ಆದರೆ ತಿಂಡಿಯ ಹೆಸರು ನೋಡಿ ತಗೋಬೇಡಿ, ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ಕೇಳಿ ತಗೊಳ್ಳಿ.

ಇದನ್ನು ನಾನು ಕಲಿತದ್ದು ಒಂದು ಪಾರ್ಕಿನ ಕೌಂಟರ್ ಮುಂದೆ. ಮಕ್ಕಳು ನೀರಿನಲ್ಲಿ ಆಡಿ, ಒದ್ದೆ ಬಟ್ಟೆಯಲ್ಲೇ ನಡುಗುತ್ತಾ ಬಂದು ಬಿಸಿ ಬಿಸಿ ಏನಾದರೂ ಬೇಕು ಎಂದರು. ಫ್ರೆಂಚ್ ಫ್ರೈಸ್ ಹೇಳಿದೆ. ಆಲೂಗಡ್ಡೆ ತಾನೇ, ಅದರಲ್ಲೇನಿದೆ ಅಂತ. ಒಳಗಿನ ಹುಡುಗ ಫ್ರೈಯರ್‌ನಿಂದ ಒಂದು ತಂತಿ ಬುಟ್ಟಿ ಎತ್ತಿದ, ಚಿಕನ್ ತುಂಡುಗಳು. ಎರಡು ಸಲ ಜಾಡಿಸಿ ಪಕ್ಕಕ್ಕಿಟ್ಟ. ಅದೇ ಎಣ್ಣೆಗೆ ನಮ್ಮ ಆಲೂಗಡ್ಡೆಯ ಬುಟ್ಟಿ ಇಳಿಸಿದ. ಹಿಂದಿನ ಚೂರುಗಳು ಇನ್ನೂ ಎಣ್ಣೆಯಲ್ಲಿ ತೇಲುತ್ತಿದ್ದವು. ಅವ್ವ ನನ್ನ ಹಿಂದೆಯೇ ನಿಂತು ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟಳು. ನನಗೆ ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಬೋರ್ಡಿನಲ್ಲಿ ಆ ಫ್ರೈಸ್ ಪಕ್ಕ ಹಸಿರು ಚುಕ್ಕೆ ಹಾಕಿದ್ದರಲ್ಲ, ಅದು ಮಾತ್ರ ಇವತ್ತಿಗೂ ತಪ್ಪು ಅನಿಸುತ್ತದೆ.

ಹಸಿರು ಚುಕ್ಕೆ ಹೇಳುವುದು ಒಳಗೆ ಏನು ಹಾಕಿದ್ದಾರೆ ಎಂದು. ಪ್ಯಾಕೆಟ್ ಮೇಲೆ ಹಸಿರು ಚೌಕದೊಳಗೆ ಹಸಿರು ದುಂಡು ಇದ್ದರೆ ವೆಜ್. ನಾನ್‌ವೆಜ್‌ಗೆ ಮೊದಲು ಕಂದು ದುಂಡು ಇತ್ತು, ಬಣ್ಣ ಗುರುತಿಸಲು ಕಷ್ಟಪಡುವವರಿಗೂ ತಿಳಿಯಲಿ ಎಂದು ಈಗ ಅದನ್ನು ಕಂದು ತ್ರಿಕೋನ ಮಾಡಿದ್ದಾರೆ. ನಮ್ಮ ದೇಶದ ನಿಯಮದಲ್ಲಿ ಮೊಟ್ಟೆ ಹಾಕಿದ್ದೂ ನಾನ್‌ವೆಜ್ಜೇ, ಹಾಲು ಬೆಣ್ಣೆ ಅಲ್ಲ. ಹಾಗಾಗಿ ಪ್ಯಾಕೆಟ್ ಚಿಪ್ಸ್, ಕುರ್ಕುರೆ, ಖಾರಾ ಇವುಗಳ ಮಟ್ಟಿಗೆ ಚುಕ್ಕೆ ನಂಬಿ ತಿನ್ನಿ. ಕೌಂಟರಿನಲ್ಲಿ ಕರಿದು ಕೊಡುವುದಕ್ಕೆ ಚುಕ್ಕೆ ಸಾಲದು. ಪೆಟ್ಟಿಗೆಯಲ್ಲಿ ಬಂದ ಆಲೂ ವೆಜ್ಜೇ ಇರುತ್ತದೆ, ಅದು ಇಳಿಯುವ ಎಣ್ಣೆಯ ಕಥೆ ಬೇರೆ.

ಕೇಳುವುದು ಹೇಗೆ? "ಇದು ವೆಜ್ಜಾ?" ಎಂದು ಕೇಳಬೇಡಿ. ಎಲ್ಲರೂ ಹೌದು ಎಂದೇ ಹೇಳುತ್ತಾರೆ, ಅವರು ಸುಳ್ಳು ಹೇಳುತ್ತಿಲ್ಲ, ಅವರ ಲೆಕ್ಕದಲ್ಲಿ ಅದು ವೆಜ್ಜೇ. "ಈ ಎಣ್ಣೆಯಲ್ಲಿ ಚಿಕನ್ ಕರೀತೀರಾ?" ಎಂದು ಕೇಳಿ. ನಮ್ಮ ಕಡೆಯವರಿಗೆ ತೆಲುಗು, ಹಿಂದಿ ಎರಡೂ ಬಾಯಿಗೆ ಬರುತ್ತವೆ, ಹೈದರಾಬಾದಿನಲ್ಲಿ ಅದು ಬಹಳ ಉಪಯೋಗ. ಒಂದು ಸಲ ಹೀಗೆ ಕೇಳಿದಾಗ ಒಳಗಿದ್ದ ದೊಡ್ಡವರೊಬ್ಬರು ಕೈ ಒರೆಸಿಕೊಂಡು ಬಂದು, ಪಕ್ಕದ ಬಾಗಿಲು ತೆಗೆದು ಎರಡು ಫ್ರೈಯರ್ ತೋರಿಸಿದರು. ವೆಜ್‌ನದಕ್ಕೆ ಹಸಿರು ಟೇಪ್ ಸುತ್ತಿದ್ದರು, ಅದರ ಇಕ್ಕಳವೂ ಬೇರೆ. ಅವತ್ತು ಅವ್ವ ತನ್ನ ಪಾಲಿನ ಫ್ರೈಸ್ ಮುಗಿಸಿ, ಮೊಮ್ಮಗನ ಪೊಟ್ಟಣಕ್ಕೂ ಕೈ ಹಾಕಿದಳು.

ಎಣ್ಣೆಯನ್ನು ಕಣ್ಣಿನಿಂದಲೂ ನೋಡಿ. ಕಪ್ಪಾಗಿದ್ದರೆ, ನೊರೆ ಜಾಸ್ತಿ ಬರುತ್ತಿದ್ದರೆ, ಸುಮ್ನೆ ಹೊಗೆ ಏಳುತ್ತಿದ್ದರೆ ವೆಜ್ ಆದರೂ ಬೇಡ. ಒಂದೇ ಎಣ್ಣೆಯನ್ನು ಕಾಯಿಸಿ ಕಾಯಿಸಿ ಬಳಸಿದರೆ ಅದರಲ್ಲಿ ಪೋಲಾರ್ ಕಾಂಪೌಂಡ್ ಎಂಬ ಕೆಟ್ಟ ಅಂಶ ಏರುತ್ತಾ ಹೋಗುತ್ತದೆ. ಅದು ಶೇಕಡಾ 25 ದಾಟಿದ ಎಣ್ಣೆ ಬಳಸಬಾರದು ಎಂದು ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮವಿದೆ, 2018ರ ಜುಲೈ 1ರಿಂದ ಜಾರಿ. ನಮ್ಮೂರಲ್ಲಿ ಸಂಜೆ ಮಿರ್ಚಿ ಬಂಡಿ ಮುಂದೆ ನಿಂತಾಗ ನಾವೆಲ್ಲ ಮೊದಲು ಕಡಾಯಿ ಇಣುಕಿ ನೋಡಿಯೇ ಪ್ಲೇಟ್ ಹೇಳುವುದು, ಅಲ್ವಾ? ಒಗ್ಗರಣೆ ಮಿರ್ಚಿಗೆ ಕೊಡುವ ಆ ಗಮನವನ್ನು ಪಾರ್ಕಿನಲ್ಲಿ ಮರೆತುಬಿಡುತ್ತೇವೆ, ಅಲ್ಲಿ ಟೈಲ್ಸ್ ಇದೆ, ಟೋಪಿ ಹಾಕಿದ ಹುಡುಗರಿದ್ದಾರೆ ಎಂದು.

ನನ್ನ ಮೊದಲ ಆಯ್ಕೆ ಯಾವಾಗಲೂ ಇಡ್ಲಿ ದೋಸೆ ಕೌಂಟರ್. ಸಾಮಾನ್ಯವಾಗಿ ಅಲ್ಲಿ ಚಿಕನ್ ಸುಳಿಯುವುದಿಲ್ಲ, ವಡೆ, ಪೂರಿ, ಬಜ್ಜಿಯ ಎಣ್ಣೆ ಅವುಗಳಿಗೇ ಇರುತ್ತದೆ. ಮಕ್ಕಳು ಮುಖ ಸಿಂಡರಿಸುತ್ತಾರೆ, ಮನೆಯಲ್ಲಿ ಸಿಗುವ ವಡೆ ಇಲ್ಲೂ ಯಾಕೆ ಅಂತ. ಹಸಿವಾದಾಗ ತಿನ್ನುತ್ತಾರೆ ಬಿಡಿ. ಚೈನೀಸ್ ಕೌಂಟರಿನ ಗೋಬಿ ಮಂಚೂರಿ ಮಾತ್ರ ನಾನು ಬಿಟ್ಟೇ ಬಿಟ್ಟಿದ್ದೇನೆ. ಅಲ್ಲಿ ಬಾಣಲೆ ಒಂದೇ, ಸೌಟೂ ಒಂದೇ, ಕೆಲವು ಕಡೆ ಹಿಟ್ಟಿಗೆ ಮೊಟ್ಟೆಯೂ ಬೀಳುತ್ತದೆ. ಬಣ್ಣದ ವಿಷಯ ಬೇರೆ ಇದೆ: ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದೆ. ಕೆಂಪಗೆ ಹೊಳೆಯುವ ಗೋಬಿ ಯಾವ ಊರಲ್ಲಿ ಕಂಡರೂ ಮಕ್ಕಳಿಗೆ ಕೊಡಿಸಬೇಡಿ.

ಇನ್ನೊಂದು, ಫ್ರೈಸ್ ಜೊತೆ ಬರುವ ಬಿಳಿ ಮೇಯೋನೀಸ್. ಅದನ್ನು ಮಾಡುವುದೇ ಮೊಟ್ಟೆಯಿಂದ. ನಮ್ಮಲ್ಲಿ ಮೊಟ್ಟೆ ಇಲ್ಲದ್ದೂ ಬಹಳ ಸಿಗುತ್ತದೆ, ಅದಕ್ಕೇ ಬಾಟಲಿ ತಿರುಗಿಸಿ ಚುಕ್ಕೆ ನೋಡಿ. ಸಂಶಯ ಬಂದರೆ ಟೊಮೆಟೊ ಸಾಸ್ ಸಾಕು.

ವಿದೇಶಕ್ಕೆ ಹೋಗುವವರೂ ಕೇಳುತ್ತಾರೆ, ಈಗ ನಮ್ಮ ಓಣಿಯಿಂದಲೇ ಎಷ್ಟೋ ಮಂದಿ ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ ಅಲ್ಲಿಯ ಪಾರ್ಕುಗಳನ್ನೂ ಸುತ್ತಿ ಬರುತ್ತಾರೆ. ಅಲ್ಲಿ ಇನ್ನೂ ಹುಷಾರು. ಕಾರ್ನ್ ಡಾಗ್ ನೋಡಲು ಮೆಕ್ಕೆಜೋಳದ ಹಿಟ್ಟಿನ ಬಜ್ಜಿ ಹಾಗೇ ಇರುತ್ತದೆ, ಒಳಗೆ ಇರುವುದು ಮಾಂಸದ ಸಾಸೇಜ್. ಎಣ್ಣೆಯಲ್ಲಿ ಕರಿದು ಸಕ್ಕರೆ ಪುಡಿ ಉದುರಿಸಿ ಕೊಡುವ ಫನಲ್ ಕೇಕಿನ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ಅಲ್ಲಿನವರಿಗೆ ಅದೂ ವೆಜಿಟೇರಿಯನ್ನೇ. ಫ್ರೈಸ್ ಕೂಡ ಕೇಳಿಯೇ ತಿನ್ನಬೇಕು. ಅಮೆರಿಕದ ಮೆಕ್‌ಡೊನಾಲ್ಡ್ಸ್ 1990ರಲ್ಲಿ ದನದ ಕೊಬ್ಬು ಬಿಟ್ಟು ಸಸ್ಯದ ಎಣ್ಣೆಗೆ ಬದಲಾಯಿತು, ಆದರೆ ಫ್ರೈಸ್‌ಗೆ ದನದ ಮಾಂಸದ ಫ್ಲೇವರ್ ಸೇರಿಸುವುದು ಮುಂದುವರಿಯಿತು. ಅದು ಗೊತ್ತಾಗಿ ಹಿಂದೂಗಳು, ಸಸ್ಯಾಹಾರಿಗಳು ಕೋರ್ಟಿಗೆ ಹೋದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ, 1 ಕೋಟಿ ಡಾಲರ್ ಕೊಡಲು ಒಪ್ಪಿತು. ನಮ್ಮ ದೇಶದಲ್ಲಿ ಆ ಕಂಪನಿ ದನ, ಹಂದಿ ಮಾಂಸ ಬಳಸುವುದಿಲ್ಲ, ವೆಜ್ ಅಡುಗೆಯ ಜಾಗವನ್ನೂ ಬೇರೆ ಇಡುತ್ತದೆ. ಆಲೂಗಡ್ಡೆಯನ್ನೂ ಕೇಳಿ ತಿನ್ನಬೇಕಾ ಎಂದು ಯಾರಾದರೂ ಅಂದರೆ ನಾನು ಈ ಸಂಗತಿ ಹೇಳುತ್ತೇನೆ.

ಮನೆಯಿಂದ ಕಟ್ಟಿಕೊಂಡು ಹೋಗಬಹುದಲ್ಲ ಅನ್ನುತ್ತೀರಿ. ಬಹಳ ಪಾರ್ಕುಗಳು ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಚೀಲ ತೆಗೆಸಿ ನೋಡುತ್ತಾರೆ. ಆದರೆ ಗಾಡಿಯಲ್ಲಿ ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಇಲ್ಲಿಂದ ಹೈದರಾಬಾದ್ ಸುಮಾರು 200 ಕಿಲೋಮೀಟರ್, ನಸುಕಿನಲ್ಲಿ ಹೊರಟು ಶಕ್ತಿನಗರದ ಹತ್ತಿರ ಕೃಷ್ಣಾ ದಾಟಿ, ಮಹಬೂಬ್‌ನಗರ ಬರುವಷ್ಟರಲ್ಲಿ ಹೊಟ್ಟೆ ಚುರ್ ಅನ್ನುತ್ತದೆ. ನಾವು ಅಲ್ಲೇ ಗಾಡಿ ಬದಿಗೆ ನಿಲ್ಲಿಸಿ ಅವ್ವ ಮಾಡಿದ ಮಂಡಾಳು ಒಗ್ಗರಣೆ ಹೊಟ್ಟೆ ತುಂಬ ತಿಂದು ಮುಂದೆ ಹೋಗುತ್ತೇವೆ. ಹಾಗೆ ಹೋದರೆ ಕೌಂಟರ್ ಮುಂದೆ ನಿಂತು ಕೇಳಲು, ಸರಿ ಇಲ್ಲದಿದ್ದರೆ ಬೇಡ ಅನ್ನಲು ತಾಳ್ಮೆ ಇರುತ್ತದೆ.

ಕೌಂಟರಿಗೆ ಮಾತ್ರ ಹನ್ನೊಂದೂವರೆಯ ಒಳಗೇ ಹೋಗಿ. ಆಗ ಎಣ್ಣೆಯೂ ಬಹಳ ಸಲ ಕಾದಿರುವುದಿಲ್ಲ, ಒಳಗಿನವರಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಇರುತ್ತದೆ. ಒಂದು ಗಂಟೆಯ ಮೇಲೆ ಸಾಲು ಬಾಗಿಲು ದಾಟಿ ನಿಂತಿರುವಾಗ ಯಾವ ಫ್ರೈಯರ್‌ನಲ್ಲಿ ಯಾವುದು ಬಿತ್ತು ಎಂದು ಅವರಿಗೇ ನೆನಪಿರುವುದಿಲ್ಲ.